ಕಾವಲಿಗಾಗಿ ಕಳ್ಳನಿಗೆ ಪಾಠ

2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ 6018 ಮತದಾರರ ಹೆಸರು ತೆಗೆಯಬೇಕೆಂದು ಆನ್‌ಲೈನಿನಲ್ಲಿ ಅರ್ಜಿಗಳು ಬಂದವು. ಮತಗಟ್ಟೆ ಅಧಿಕಾರಿಯೊಬ್ಬರಿಗೆ ತಮ್ಮ ಹತ್ತಿರದ ಸಂಬಂಧಿಯ ಹೆಸರೇ ಕಂಡು ಅನುಮಾನ ಬಂತು. ಮನೆಮನೆಗೆ ಹೋಗಿ ವಿಚಾರಿಸಿದಾಗ ಸರಿಯಾಗಿದ್ದವು ಬರೀ 24. ಉಳಿದ 5994 ಸುಳ್ಳು. ಹೆಸರುಗಳು ಉಳಿದವು. ಫೆಬ್ರವರಿಯಲ್ಲಿ ಪೊಲೀಸ್ ದೂರಾಯಿತು, 2025ರಲ್ಲಿ ವಿಶೇಷ ತನಿಖಾ ತಂಡ ಬಂತು. ಇದರಲ್ಲಿ ಕೈಯ ಕೆಲಸವೆಷ್ಟು, ಸಾಫ್ಟ್‌ವೇರಿನ ಕೆಲಸವೆಷ್ಟು ಎಂಬುದನ್ನು ನ್ಯಾಯಾಲಯ ಹೇಳಲಿ.

ನನ್ನನ್ನು ಕಾಡುವುದು ಮುಂದಿನ ಮಾತು. ಇಂಥ ಕೆಲಸವನ್ನು ತಾನೇ ಕಲಿಯುವ ಯಂತ್ರಗಳಿಗೆ ಈಗ ಶಾಲೆಗಳಿವೆ. 2021ರಲ್ಲಿ ಮೈಕ್ರೋಸಾಫ್ಟ್ ‘ಸೈಬರ್ ಬ್ಯಾಟಲ್ ಸಿಮ್’ ಎಂಬುದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೊಂದು ಸೋಗಿನ ಜಾಲ. ನಿಜವಾದ ಕಂಪ್ಯೂಟರುಗಳಿಲ್ಲ, ಅವುಗಳ ನಕ್ಷೆ ಮಾತ್ರ. ಅಲ್ಲಲ್ಲಿ ಬೇಕೆಂದೇ ಬಿಟ್ಟ ಬಿರುಕುಗಳು. ದಾಳಿ ಮಾಡುವ ಏಜೆಂಟಿಗೆ ಮೊದಲು ಏನೂ ತಿಳಿಯದು. ತಡಕಾಡುತ್ತದೆ. ಪಾಸ್‌ವರ್ಡ್ ಸಿಕ್ಕಿದರೆ ಅಂಕ, ಇನ್ನೊಂದು ಕಂಪ್ಯೂಟರು ಕೈವಶವಾದರೆ ಹೆಚ್ಚು ಅಂಕ. ಸಾವಿರಾರು ಸಲ ಆಡಿದ ಮೇಲೆ ಯಾರೂ ಹೇಳಿಕೊಡದೆ ದಾರಿ ಕಲಿತುಬಿಡುತ್ತದೆ. ಎದುರಿಗೆ ಅದನ್ನು ಪತ್ತೆ ಹಚ್ಚಿ ಹೊರಹಾಕುವ ಕಾವಲುಗಾರ.

ಕಳ್ಳತನ ಕಲಿಸುವ ಮದರಸಾ ಎಲ್ಲಾದರೂ ಉಂಟೇ ಎಂದು ಮೊದಲು ಸಿಟ್ಟು ಬಂತು. ಆದರೆ ಬೀಗ ಮುರಿಯುವ ಬಗೆ ತಿಳಿಯದವನು ಗಟ್ಟಿ ಬೀಗ ಮಾಡಲಾರ. ನಿಜವಾದ ಜಾಲದ ಮೇಲೆ ನೇರವಾಗಿ ಬಳಸಲು ಬಾರದಂತೆ ಅದನ್ನು ಬರೀ ನಕ್ಷೆಯ ಮಟ್ಟದಲ್ಲೇ ಇಟ್ಟಿದ್ದಾರೆ. ಆ ಎಚ್ಚರಿಕೆಯನ್ನು ಒಪ್ಪುತ್ತೇನೆ. ಗಂಟು ಇರುವುದೂ ಅಲ್ಲೇ. ಸೋಗು ನಿಜಕ್ಕೆ ಹತ್ತಿರವಾಗದಿದ್ದರೆ ಕಾವಲುಗಾರ ಕೆಲಸಕ್ಕೆ ಬಾರ. ಹತ್ತಿರವಾದಷ್ಟೂ ಕಳ್ಳನೂ ಪಳಗುತ್ತಾನೆ.

ಕುರ್‌ಆನಿನಲ್ಲಿ ಬಾಬಿಲ್ ಪಟ್ಟಣದ ಹಾರೂತ್-ಮಾರೂತರ ಪ್ರಸಂಗವಿದೆ. ಕಲಿಯಲು ಬಂದವನಿಗೆ ಅವರು ಮೊದಲು ಇದು ಪರೀಕ್ಷೆ ಎಂದು ಎಚ್ಚರಿಸಿ ಆಮೇಲೆ ವಿದ್ಯೆ ಹೇಳುತ್ತಿದ್ದರು. ಕೇಳಿ ಹಿಂತಿರುಗಲು ಆ ಶಿಷ್ಯನಿಗೆ ಅವಕಾಶವಿತ್ತು. ನಮ್ಮ ಏಜೆಂಟಿಗೆ ಎಚ್ಚರಿಕೆ ಕೇಳುವ ಕಿವಿಯಿಲ್ಲ, ನಿಯ್ಯತ್ತೂ ಇಲ್ಲ. ಇರುವುದು ಅಂಕಪಟ್ಟಿ. ಹಾಗಾದರೆ ನಿಯ್ಯತ್ತು ಆ ಪಟ್ಟಿ ಬರೆದವನದು. ಕಾವಲುಗಾರನ ಪಟ್ಟಿಯನ್ನು ಬರೆದವನದೂ ಹೌದು. ಈ ಎರಡನೆಯದನ್ನು ನಾವು ಯಾರೂ ಕೇಳುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಂದ ಜನ ಪುಣೆ, ಮುಂಬೈ, ಬೆಂಗಳೂರಿಗೆ ತಿಂಗಳುಗಟ್ಟಲೆ ಗುಳೆ ಹೋಗುತ್ತಾರೆ. ‘ಇಲ್ಲಿ ವಾಸವಿಲ್ಲ’ ಎಂದು ಅವರ ಮೇಲೆ ಅರ್ಜಿ ಬಂದರೆ ಯಂತ್ರಕ್ಕೆ ಅದು ನಂಬುವಂತೆಯೇ ಕಾಣುತ್ತದೆ: ಫೋನು ಬೇರೆ ಊರಿನಲ್ಲಿದೆ, ಮನೆಗೆ ಬೀಗ. ಸುಳ್ಳು ಅರ್ಜಿ ತಡೆದದ್ದಕ್ಕೆ ಒಂದು ಅಂಕ, ಕಡತ ಬೇಗ ಮುಗಿಸಿದ್ದಕ್ಕೆ ಎರಡು ಎಂದು ಬರೆದರೆ ಕಾವಲುಗಾರನೇ ಅವರ ಹೆಸರು ಅಳಿಸಿಯಾನು, ಅದೂ ಯಾವ ದುರುದ್ದೇಶವಿಲ್ಲದೆ.

ಆ ಬೀಗದ ಮುಂದೆ ಮತಗಟ್ಟೆ ಅಧಿಕಾರಿ ನಿಂತಾಗ ಪಕ್ಕದ ಮನೆಯಿಂದ ಯಾರಾದರೂ ಇಣುಕಿ, “ದುಡಿಯಾಕ ಹೋಗ್ಯಾರ್ರಿ, ಮೊಹರಮ್ಮಿಗೆ ಬರ್ತಾರ” ಅನ್ನುತ್ತಾರೆ. ಸೋಗಿನ ಜಾಲದ ನಕ್ಷೆಯಲ್ಲಿ ಆ ಪಕ್ಕದ ಮನೆಯನ್ನು ಯಾರೂ ಬರೆದಿಲ್ಲ.