ನೀರುಂಟು, ಹರಿಯುವುದಿಲ್ಲ



ಸೆಪ್ಟೆಂಬರ್ 15ರಂದು ಬೇಳದ ವ್ಯಾಕುಲ ಮಾತೆಯ ಹಬ್ಬಕ್ಕೆ ನಾವು ಐವರು ಯುವಜನರು ಹಳೆಯ ಕಾರಿನಲ್ಲಿ ಹೊರಟಿದ್ದೆವು. ಸೀತಾಂಗೋಳಿ ಹತ್ತಿರ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಒಬ್ಬ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ, ತಡೆದೆವು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದರೆ ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು.

ಮೆಕ್ಯಾನಿಕ್ ಬಂದು ನೋಡಿದರೆ ನೀರು ಕಡಿಮೆಯಿರಲಿಲ್ಲ. ಸ್ಟಾರ್ಟ್ ಮಾಡಿಸಿ ಮೇಲಿನ ಹೋಸ್ ಮುಟ್ಟಿದರು. ಎಂಜಿನ್ ಕಾಯುತ್ತಿದೆ, ಹೋಸ್ ಮಾತ್ರ ತಣ್ಣಗೆ. "ಥರ್ಮೋಸ್ಟಾಟ್ ವಾಲ್ವ್ ತೆರೆಯುತ್ತಿಲ್ಲ. ನೀರುಂಟು, ಹರಿಯುವುದಿಲ್ಲ" ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ಕಾಣಿಕೆ ಗೀತೆ ಕನ್ನಡದಲ್ಲೋ ಕೊಂಕಣಿಯಲ್ಲೋ ಎಂದು ಜಗಳವಾಡಿ ನಮ್ಮಲ್ಲಿಬ್ಬರು ಪಾಸ್ಕ ಹಬ್ಬದಿಂದ ಮಾತು ಬಿಟ್ಟಿದ್ದರು. ಜಪಸರ, ಬಲಿಪೂಜೆ, ಯಾವುದಕ್ಕೂ ಕೊರತೆಯಿರಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಲು ಯೇಸುಸ್ವಾಮಿ ಹೇಳಿದ್ದು (ಮತ್ತಾಯ 5:23-24) ಕಾಣಿಕೆ ಗೀತೆಗಾಗಿಯೇ ಜಗಳವಾಡಿದ ನಮಗೆ ನೆನಪಾಗಿರಲಿಲ್ಲ! ಸಮಾಧಾನ ಮಾಡಿಸದೆ ಸುಮ್ಮನಿದ್ದ ಉಳಿದ ಮೂವರ ತಪ್ಪೂ ಸಣ್ಣದಲ್ಲ.

ಕುಂಬಳೆಯಿಂದ ಹೊಸ ವಾಲ್ವ್ ಬರುವವರೆಗೆ ಅವರಿಬ್ಬರೂ ರಸ್ತೆಬದಿಯ ಕಟ್ಟೆಯಲ್ಲಿ ಕೂತಿದ್ದರು. ಮೊದಲು ಮಾತಾಡಿದ್ದು ಯಾರೆಂದು ನಾವು ಕೇಳಲಿಲ್ಲ. ಚರ್ಚಿಗೆ ಮುಟ್ಟುವಾಗ ಕಾಣಿಕೆ ಗೀತೆ ಮುಗಿದಿತ್ತು.