ಭಾನುವಾರ ನೋಡಿದ ಸೈಟು

ಗೌರಿಬಿದನೂರಿನ ಆಚೆಯ ನಗರಗೆರೆ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರಿಗೆ ಸ್ವಂತ ಮನೆಯ ಆಸೆ ಹುಟ್ಟುವ ಹೊತ್ತಿಗೆ ಆ ನಗರದ ಸೈಟು ಕೈಗೆಟುಕದಂತಾಗಿರುತ್ತದೆ. ಆಗ ಕಣ್ಣು ಬಂದ ದಾರಿಯತ್ತಲೇ ತಿರುಗುತ್ತದೆ. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ತೊಂಡೇಬಾವಿ, ಗೌರಿಬಿದನೂರು. ರೈಲು ಒಂದೊಂದು ನಿಲ್ದಾಣ ದಾಟಿದಂತೆ ಚದರಡಿಯ ಬೆಲೆ ಇಳಿಯುತ್ತದೆ, ಬೆಳಿಗ್ಗೆ ಏಳಬೇಕಾದ ಹೊತ್ತು ಹಿಂದಕ್ಕೆ ಸರಿಯುತ್ತದೆ. ಚಿಂತಾಮಣಿಯವರು ಹೊಸಕೋಟೆ ದಾರಿಯಲ್ಲಿ, ಶಿಡ್ಲಘಟ್ಟದವರು ವಿಜಯಪುರ, ದೇವನಹಳ್ಳಿ ದಾರಿಯಲ್ಲಿ ಹಾಕುವ ಲೆಕ್ಕವೂ ಇದೇ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯಲ್ಲಿ ರಾಗಿ ಹೊಲಕ್ಕೂ ಚದರಡಿಯ ಭಾಷೆ ಬಂದುಬಿಟ್ಟಿತು.

ಎಲ್ಲ ಸೌಕರ್ಯವೂ ಒಂದೇ ಕಡೆ ಸಿಕ್ಕುವುದಿಲ್ಲ ಎಂಬುದು ಕೊಳ್ಳುವವರಿಗೂ ಗೊತ್ತು. ಶಾಲೆ ಹತ್ತಿರವಿದ್ದರೆ ರಸ್ತೆ ಇಕ್ಕಟ್ಟು, ರಸ್ತೆ ಅಗಲವಿದ್ದರೆ ಆಸ್ಪತ್ರೆ ದೂರ. ಎಲ್ಲೋ ಒಂದು ಕಡೆ ರಾಜಿಯಾಗಲೇಬೇಕು. ಕಾಗದಪತ್ರದ ಮಾತು ಬೇರೆ. ಭೂಪರಿವರ್ತನೆಯ ಆದೇಶವಿಲ್ಲದ, ಪಂಚಾಯಿತಿಯ ಇ-ಸ್ವತ್ತು ಸಿಗದ ರೆವಿನ್ಯೂ ಸೈಟು ಎಷ್ಟೇ ಅಗ್ಗವಿದ್ದರೂ ಅದರಲ್ಲಿ ರಾಜಿ ಬೇಡ. ಅಷ್ಟನ್ನು ಯಾವ ವಕೀಲರಾದರೂ ಹೇಳುತ್ತಾರೆ.

ನೀರಿನ ವಿಷಯ ಹಾಗಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಉತ್ತರ ಪಿನಾಕಿನಿ ನಂದಿಯ ಸೀಮೆಯಲ್ಲೇ ಹುಟ್ಟಿ ಗೌರಿಬಿದನೂರನ್ನು ಹಾದು ಹೋಗುತ್ತದೆ, ಆದರೆ ಹೆಚ್ಚಿನ ಕಾಲ ಅದರಲ್ಲಿ ಕಾಣುವುದು ಮರಳು ಮತ್ತು ಜಾಲಿ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರಿನಲ್ಲಿ ಫ್ಲೋರೈಡ್ ಕೂಡ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು ಎನ್ನುತ್ತದೆ ನಿಯಮ. ಅದಕ್ಕೇ ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳು ಸಾಲುಗಟ್ಟುತ್ತವೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಂತರ್ಜಲಕ್ಕೆ ಅದರಿಂದ ಉಪಕಾರವಿರಬಹುದು, ಆದರೆ ಅದು ಕುಡಿಯಲು ಕೊಟ್ಟ ನೀರಲ್ಲ. ಈ ಕಡೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ನೀರು ಬರಲಿ, ಬಂದರೆ ಒಳ್ಳೆಯದೇ. ಮುಂದೆ ಬರುವ ನೀರನ್ನು ಇವತ್ತಿನ ಬೆಲೆಗೆ ಸೇರಿಸಿ ಮಾರುವವರನ್ನು ಕಂಡರೆ ಮಾತ್ರ ನನಗೆ ನಗು ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕೊಳ್ಳುತ್ತಾರೆ? ಸೈಟನ್ನು ಭಾನುವಾರ ನೋಡುತ್ತಾರೆ, ಅದಕ್ಕೆ. ಭಾನುವಾರ ಹೆದ್ದಾರಿ ಖಾಲಿ, ಗಾಳಿ ತಂಪು, ದೂರದಲ್ಲಿ ನಂದಿಬೆಟ್ಟ, ಬ್ರೋಕರ್ ಕೊಡಿಸಿದ ಎಳನೀರು. ರಾಜಿ ಸಣ್ಣದಾಗಿ ಕಾಣುತ್ತದೆ. ಕಾರಿನಲ್ಲಿ ಬಂದವರು ಗಂಡಸರೇ ಹೆಚ್ಚು. ದರ ಕುದುರಿಸುವವರೂ ಅವರೇ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಎಂಬ ಮಾತು ಅಲ್ಲೇ ಹುಟ್ಟುತ್ತದೆ.

ಅಡ್ಜಸ್ಟ್ ಮಾಡಿಕೊಳ್ಳುವವರು ಆ ಕಾರಿನಲ್ಲಿ ಇರುವುದಿಲ್ಲ. ಟ್ಯಾಂಕರ್ ಬರುವತನಕ ಸಂಪಿನ ಮುಚ್ಚಳ ತೆಗೆದು ಕಾಯುವ ಸೊಸೆ ಇರುವುದಿಲ್ಲ. ಶಾಲೆಯ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ಮಗು ಇರುವುದಿಲ್ಲ. ಊರಿನ ಮನೆಗೆ ಬೀಗ ಹಾಕಿಸಿ ಕರೆತರುವ ಅವ್ವನಂತೂ ಲೆಕ್ಕದಲ್ಲೇ ಇಲ್ಲ. ಹಾಗೆ ಬಂದ ಒಬ್ಬ ಅಜ್ಜಿಯನ್ನು ಬಲ್ಲೆ. ಮೂವತ್ತು ನಲವತ್ತು ಸೈಟಿನ ಲೇಔಟು, ಎದ್ದಿರುವುದು ನಾಲ್ಕೇ ಮನೆ. ಹೇಗಿದೆ ಅಜ್ಜಿ ಹೊಸ ಮನೆ ಎಂದರೆ, "ಮನೆ ಚೆನ್ನಾಗೈತಪ್ಪ, ಮಾತಾಡಕ್ಕೆ ಜನ ಇಲ್ಲ" ಅಂದರು. ನಗರಗೆರೆಯಂಥ ಗಡಿ ಊರಿನಲ್ಲಿ ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದವರು ಅವರು. ಬ್ರೋಕರ್ ಕೊಟ್ಟ ಬಣ್ಣದ ನಕ್ಷೆಯಲ್ಲಿ ಪಾರ್ಕಿಗೆ ಜಾಗ ಇತ್ತು, ಜಗಲಿಗೆ ಇರಲಿಲ್ಲ.

ಅವರನ್ನು ಕರೆತಂದ ಮಗನನ್ನು ದೂರುವುದೂ ಸುಲಭವಲ್ಲ. ಬಾಡಿಗೆ ಕಟ್ಟಿ ಸೋತವನು, ಕಂತು ಕಟ್ಟಲು ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ ಕಳೆಯುವವನು. ತನ್ನ ಪಾಲಿನ ರಾಜಿಯನ್ನು ಅವನೂ ಹೊರುತ್ತಿದ್ದಾನೆ. ಒಂದೇ ವ್ಯತ್ಯಾಸ: ಅವನು ಒಪ್ಪಿ ಹೊತ್ತದ್ದು, ಉಳಿದವರನ್ನು ಯಾರೂ ಕೇಳಲಿಲ್ಲ.

ಹಾಗಾಗಿ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಅಡ್ವಾನ್ಸ್ ಕೊಡುವ ಮೊದಲು ಇನ್ನೊಮ್ಮೆ ಹೋಗಿ, ಏಪ್ರಿಲ್ ತಿಂಗಳಲ್ಲಿ, ಕೆಲಸದ ದಿನ. ಸಾಧ್ಯವಾದರೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ. ಈಗಾಗಲೇ ಅಲ್ಲಿ ಮನೆ ಕಟ್ಟಿಕೊಂಡಿರುವವರ ಬಾಗಿಲು ತಟ್ಟಿ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ. ಹಗಲೆಲ್ಲ ಆ ಮನೆಯಲ್ಲಿ ಇರಬೇಕಾದವರನ್ನೂ ಕರೆದುಕೊಂಡು ಹೋಗಿ. ಅವರು ಬೇಡವೆಂದರೆ, ಯಾಕೆ ಎಂದು ಕೇಳುವಷ್ಟು ವ್ಯವಧಾನ ಇಟ್ಟುಕೊಳ್ಳಿ.