ಆರು ತಿಂಗಳು ಸೆರೆಯಲ್ಲಿದ್ದ ರಾಗಿ

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಒಂದು ವ್ಯಾಜ್ಯ ಬರುತ್ತದೆ. ಲಂಕೆಯಿಂದ ಮರಳುತ್ತಿರುವ ರಾಮನಿಗೆ ಋಷಿಗಳ ಆಶ್ರಮದಲ್ಲಿ ಔತಣ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತೆದ್ದು ವ್ರೀಹಿಗೂ ನರೆದಲೆಗನಿಗೂ, ಅಂದರೆ ಭತ್ತಕ್ಕೂ ರಾಗಿಗೂ, ಜಗಳ ಹತ್ತುತ್ತದೆ. ರಾಮ ಅಲ್ಲೇ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ವ್ರೀಹಿ ಕಂದಿ ಸೊರಗಿದ್ದಾನೆ, ನರೆದಲೆಗ ಗಟ್ಟಿಯಾಗಿ ನಿಂತಿದ್ದಾನೆ. ರಾಘವನ ಹೆಸರು ಅವನಿಗೆ ಸಲ್ಲುತ್ತದೆ.

ಇದನ್ನು ಮೇಲು-ಕೀಳಿನ, ಬಡವ-ಬಲ್ಲಿದರ ಕಥೆಯಾಗಿ ಓದುವುದು ರೂಢಿ. ಅದು ಸರಿಯೇ. ಆದರೆ ಸೌದೆ ಒಲೆಯ ಮುಂದೆ ಕೂತು ಓದಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಧಾನ್ಯದ ಯೋಗ್ಯತೆಯನ್ನು ಅಳೆಯಲು ರಾಮ ಆರಿಸಿಕೊಂಡ ಅಳತೆ ರುಚಿಯಲ್ಲ, ಬಣ್ಣವಲ್ಲ. ಕತ್ತಲ ಕೋಣೆಯಲ್ಲಿ ಎಷ್ಟು ದಿನ ಕೆಡದೆ ಇರಬಲ್ಲದು ಎಂಬುದು. ಹಗೇವಿಗೆ ರಾಗಿ ಸುರಿದು ಬಾಯಿಗೆ ಮಣ್ಣು ಮೆತ್ತಿ ಬರಗಾಲಕ್ಕೆ ಕಾಯುತ್ತಿದ್ದ ರೈತರ ನಾಡಿನಲ್ಲಿ ಇದು ತೀರಾ ಸಹಜವಾದ ಅಳತೆ. ರಾಗಿಯ ಕಾಳು ಸಣ್ಣದು, ಎಣ್ಣೆಯಂಶ ಕಡಿಮೆ, ಹುಳುವಿಗೆ ಸುಲಭದ ತುತ್ತಲ್ಲ. ಒಣಗಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಅದೇ ಪರೀಕ್ಷೆ ಮೈಸೂರಿನಲ್ಲಿ ಇಂದಿಗೂ ನಡೆಯುತ್ತಿದೆ. ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, 1961ರಲ್ಲಿ ಸೈನಿಕರಿಗೆಂದೇ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ, ಎರಡೂ ಆಹಾರವನ್ನು ಕೆಡದಂತೆ ಉಳಿಸುವ ವಿದ್ಯೆಯಲ್ಲಿ ದಶಕಗಳನ್ನು ಕಳೆದಿವೆ. ಸೈನಿಕರ ಚೀಲದಲ್ಲಿರುವ ರಿಟಾರ್ಟ್ ಪೊಟ್ಟಣವನ್ನು ಕತ್ತರಿಸಿ ನೋಡಿದರೆ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಬೇಯಿಸಿದ ಪಲಾವನ್ನೋ ಬೇಳೆಯನ್ನೋ ಅದರಲ್ಲಿ ತುಂಬಿ, ಬಾಯಿ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಡುತ್ತಾರೆ. ಕುದಿಯುವ ನೀರಿಗೂ ಜಗ್ಗದ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಆ ಶಾಖಕ್ಕೆ ಸಾಯುತ್ತದೆ. ಮುಚ್ಚಿದ ಪೊಟ್ಟಣದೊಳಕ್ಕೆ ಹೊಸದು ಬರಲು ದಾರಿಯಿಲ್ಲ. ಫ್ರಿಜ್ ಬೇಡ, ಸಂರಕ್ಷಕ ರಾಸಾಯನಿಕವೂ ಬೇಡ. ಇಷ್ಟು ದಿನ ಉಳಿಯುವುದರಲ್ಲಿ ಏನೋ ವಿಷ ಬೆರೆಸಿರಲೇಬೇಕು ಎಂದು ಅನುಮಾನಿಸುವವರು ಇದನ್ನು ತಿಳಿಯಬೇಕು.

ಆದರೂ ಅನುಮಾನದ ಬೇರು ಆಳದಲ್ಲಿದೆ. ತಂಗಳು ತಿನ್ನಬಾರದು ಎಂದು ಬೆಳೆದವರು ಎಂಟು ತಿಂಗಳ ಹಿಂದೆ ಬೆಂದ ಅನ್ನವನ್ನು ಹೇಗೆ ಉಣ್ಣಬೇಕು? ಗೀತೆಯ 17ನೇ ಅಧ್ಯಾಯ ಹೊತ್ತು ಮೀರಿದ, ರಸ ಬತ್ತಿದ, ನಾರುವ, ಹಳಸಿದ ಊಟವನ್ನು ತಾಮಸ ಎಂದು ಎಣಿಸುತ್ತದೆ. ಅಲ್ಲಿನ ಮಾತು ‘ಯಾತಯಾಮ’. ಯಾಮವೆಂದರೆ ಮೂರು ತಾಸು. ಹಾಗೆ ಲೆಕ್ಕ ಹಾಕಿದರೆ ಬೆಳಗಿನ ಸಾರು ಸಂಜೆಗೆ ಸಲ್ಲದು. ಮಡಿಯ ಮನೆಗಳಲ್ಲಿ ಈಗಲೂ ಇದನ್ನು ನಿಷ್ಠೆಯಿಂದ ಪಾಲಿಸುವವರಿದ್ದಾರೆ. ಅವರ ನಿಷ್ಠೆಯನ್ನು ಹಗುರಾಗಿ ಕಾಣುವುದು ತಪ್ಪು. ಫ್ರಿಜ್ ಇಲ್ಲದ ಕಾಲದ ಎಷ್ಟೋ ಹೊಟ್ಟೆಗಳನ್ನು ಅದು ಕಾಪಾಡಿದೆ.

ಶಾಸ್ತ್ರಗಳು ಅಲ್ಲಿಗೇ ನಿಲ್ಲಲಿಲ್ಲ. ಜಿಡ್ಡಿನಲ್ಲಿ ಮಾಡಿದ ತಿನಿಸು, ಜವೆ-ಗೋಧಿಯ ತಿನಿಸು ಹಳೆಯದಾದರೂ ತಿನ್ನಬಹುದು ಎಂದು ಮನುಸ್ಮೃತಿಯ 5ನೇ ಅಧ್ಯಾಯ ವಿನಾಯಿತಿ ಕೊಡುತ್ತದೆ. ಚಕ್ಕುಲಿ, ಕೋಡುಬಳೆಗಳ ಡಬ್ಬಿ ಮಡಿ ಮನೆಯ ಅಟ್ಟದ ಮೇಲೂ ಇರುತ್ತಿದ್ದದ್ದು ಇಂಥ ವಿವೇಕದಿಂದಲೇ. ಇದಕ್ಕಿಂತ ಸೂಕ್ಷ್ಮವಾದದ್ದು ಜೈನರ ಲೆಕ್ಕ. ಬೀಸಿದ ಹಿಟ್ಟಿಗೆ ದಿಗಂಬರ ಸಂಪ್ರದಾಯ ಒಂದು ‘ಮರ್ಯಾದೆ’ ಹಾಕಿದೆ: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಆ ಗಡಿ ದಾಟಿದರೆ ಹಿಟ್ಟಿನಲ್ಲಿ ಜೀವ ಹುಟ್ಟುತ್ತದೆ, ತಿಂದರೆ ಹಿಂಸೆ. ಒಂದು ಪದಾರ್ಥಕ್ಕೆ ಒಂದೇ ತಾರೀಕು ಅಂಟಿಸುವ ಇಂದಿನ ಚೀಟಿಗಿಂತ ಈ ಲೆಕ್ಕ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಇದು ಗಾಳಿಯ ತೇವವನ್ನೂ ಎಣಿಸುತ್ತದೆ. ಆ ತೇವ ಹೊಕ್ಕ ಆಹಾರದಲ್ಲಿ ಸೂಕ್ಷ್ಮಜೀವಿಗಳಿಗೆ ಸಿಗುವ ನೀರನ್ನೇ ಆಹಾರ ವಿಜ್ಞಾನಿಗಳು ನೀರಿನ ಚಟುವಟಿಕೆ ಎಂದು ಅಳೆಯುತ್ತಾರೆ. ಶುದ್ಧ ನೀರಿಗೆ 1 ಎಂದಿಟ್ಟುಕೊಂಡರೆ 0.6ಕ್ಕಿಂತ ಕೆಳಗೆ ಬೂಷ್ಟೂ ಬೆಳೆಯದು. ಅವಲಕ್ಕಿ, ಹುರಿಹಿಟ್ಟು, ಒಣ ರೊಟ್ಟಿ ಬಾಳುವುದು ಈ ಕಾರಣಕ್ಕೆ. ಅವೇ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಾದರೆ ನಾಲ್ಕು ದಿನಕ್ಕೆ ಮೆತ್ತಗಾಗುತ್ತವೆ.

ಹಳೆಯ ಆಹಾರವನ್ನು ಉಣ್ಣಬಹುದೇ ಎಂಬ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಅದಕ್ಕಿಂತ ಕಠಿಣವಾದದ್ದು ಇನ್ನೊಂದು. ನಾಳೆಗೆಂದು ಕೂಡಿಡುವುದೇ ದೇವರ ಮೇಲಿನ ಅಪನಂಬಿಕೆಯೇ?

ಬೈಬಲ್ಲಿನ ವಿಮೋಚನಕಾಂಡದಲ್ಲಿ ಮರಳುಗಾಡಿನ ಇಸ್ರಾಯೇಲರಿಗೆ ಮನ್ನ ಸುರಿಯುತ್ತದೆ. ಅಂದಂದಿಗೆ ಬೇಕಾದಷ್ಟೇ ಆಯಬೇಕು. ಮರುದಿನಕ್ಕೆ ಮುಚ್ಚಿಟ್ಟವರದು ಹುಳ ಬಿದ್ದು ನಾರಿತು. ಆದರೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಆಯಲು ಅಪ್ಪಣೆಯಿತ್ತು, ಅದು ಕೆಡಲಿಲ್ಲ. ಮುಂದಿನ ತಲೆಮಾರುಗಳಿಗೆ ತೋರಿಸಲೆಂದು ಒಂದು ಪಾತ್ರೆಯಷ್ಟನ್ನು ತೆಗೆದಿಟ್ಟದ್ದೂ ಉಂಟು. ಒಂದೇ ಮನ್ನ, ಮೂರು ಬಗೆಯ ಆಯಸ್ಸು.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ಇದರ ಪಕ್ಕದಲ್ಲಿ ನಿಲ್ಲುತ್ತದೆ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ; ಅದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದನ್ನು ಆಯ್ದಲ್ಲಿಗೇ ಸುರಿದು ಬಾ ಎಂದಳು. ಮನೆಯಲ್ಲಿ ಕಡುಬಡತನ, ಆದರೂ ನಾಳೆಯ ಅಕ್ಕಿಯನ್ನು ಅವಳು ಇಂದು ಒಪ್ಪಲಿಲ್ಲ. ಆದರೆ ಅದೇ ಕಲ್ಯಾಣದಲ್ಲಿ ದಾಸೋಹವೂ ನಡೆಯುತ್ತಿತ್ತು. ಬಂದವರಿಗೆಲ್ಲ ಬಡಿಸುವ ಮನೆಗೆ ಕಣಜ ಬೇಕೇ ಬೇಕು. ಲಕ್ಕಮ್ಮ ಕಣಜವನ್ನು ತಿರಸ್ಕರಿಸಲಿಲ್ಲ. ತನ್ನ ಪಾಲಿಗಿಂತ ಹೆಚ್ಚಿನದು ತನ್ನ ಮಡಕೆಗೆ ಬರುವುದನ್ನು ತಡೆದಳು.

ಕಣಜ ಎಷ್ಟು ಅಪಾಯಕಾರಿ ಆಗಬಹುದು ಎಂಬುದಕ್ಕೆ ಫರೋಹನಿಗಾಗಿ ಧಾನ್ಯ ಕೂಡಿಟ್ಟ ಬೈಬಲ್ಲಿನ ಯೋಸೇಫನ ಕಥೆಯ ಕೊನೆಯ ಭಾಗ ಓದಬೇಕು. ಏಳು ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದನೇ ಒಂದು ಪಾಲು ಕೂಡಿಟ್ಟದ್ದು ಎಲ್ಲರಿಗೂ ಗೊತ್ತು. ಇದೇ ಕಥೆ ಹೇಳುವ ಕುರಾನಿನ ಯೂಸುಫ್ ಅಧ್ಯಾಯ ಕಾಳನ್ನು ತೆನೆಯಲ್ಲೇ ಬಿಡಿ ಎಂಬ ಕೃಷಿಕರ ಕಿವಿಮಾತನ್ನೂ ಹೇಳುತ್ತದೆ. ಆದರೆ ಬೈಬಲ್ಲಿನಲ್ಲಿ ಬರ ಬಂದಾಗ ಆ ಧಾನ್ಯವನ್ನು ಮಾರಲಾಯಿತು: ಮೊದಲು ಹಣಕ್ಕೆ, ಆಮೇಲೆ ದನಕರುಗಳಿಗೆ, ಕೊನೆಗೆ ಹೊಲಕ್ಕೆ. ಪ್ರಾಣ ಉಳಿಯಿತು, ಜನ ಫರೋಹನ ಆಳುಗಳಾದರು. ಬೆಲೆ ಏರಲೆಂದು ಧಾನ್ಯ ಬಚ್ಚಿಡುವುದನ್ನು ಇಸ್ಲಾಮಿನ ನ್ಯಾಯಶಾಸ್ತ್ರ ‘ಇಹ್ತಿಕಾರ್’ ಎಂದು ಕರೆದು ಖಂಡಿಸಿದ್ದು ಇಂಥ ಅನುಭವದಿಂದಲೇ ಇರಬೇಕು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಕೂಡಲೇ ಅಂಗಡಿಗಳ ಮುಂದೆ ನಿಂತವರಿಗೆ ಆ ರುಚಿ ಗೊತ್ತು. ಎರಡು ತಿಂಗಳ ಬೇಳೆ ಹೊತ್ತು ಹೋದವರ ಹಿಂದೆ ದಿನಗೂಲಿಯ ದುಡ್ಡು ಹಿಡಿದು ನಿಂತವನಿಗೆ ಉಳಿದದ್ದು ಖಾಲಿ ಕಪಾಟು.

ಆಪತ್ತಿನ ಕಾಲಕ್ಕೆಂದು ಮನೆಯಲ್ಲಿಡುವ ಡಬ್ಬಿಗೆ ಏನು ತುಂಬಬೇಕೆಂಬ ಆಯ್ಕೆ ಈ ಪ್ರಶ್ನೆಗಳಿಂದ ದೂರ ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ದಾರಿ ಕಡಿದಾಗ, ಮರುವರ್ಷ ಅದೇ ತಿಂಗಳು ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಊರೊಳಗೆ ನುಗ್ಗಿದಾಗ ಒಂದು ಪಾಠ ಎದ್ದು ಕಂಡಿತು. ಅಕ್ಕಿ ಮೂಟೆಗೆ ಒಲೆ ಬೇಕು, ಪಾತ್ರೆ ಬೇಕು, ಶುದ್ಧ ನೀರು ಬೇಕು. ಚಾವಣಿ ಮೇಲೆ ಕೂತವರಿಗೆ ಮೂರೂ ಇಲ್ಲ. ಆದ್ದರಿಂದ ಬೆಂಕಿ ಬೇಡದ್ದೇ ಮೊದಲ ಆಯ್ಕೆ: ಅವಲಕ್ಕಿ, ಹುರಿಗಡಲೆ, ಬೆಲ್ಲ, ಶೇಂಗಾ ಚಿಕ್ಕಿ, ರಿಟಾರ್ಟ್ ಪೊಟ್ಟಣ. ಇನ್‌ಸ್ಟಂಟ್ ನೂಡಲ್ಸ್ ಹಗುರ, ಆದರೆ ಬಿಸಿನೀರು ಕೇಳುತ್ತದೆ. ಕುಮಾರಪರ್ವತ ಹತ್ತುವವನ ಚೀಲಕ್ಕೆ ಸರಿ, ನೆರೆ ನುಗ್ಗಿದ ಮನೆಗೆ ಅಲ್ಲ. ಪಾಲಿಶ್ ಮಾಡದ ಅಕ್ಕಿ ಪೌಷ್ಟಿಕ, ಆದರೆ ತೌಡಿನ ಎಣ್ಣೆ ಕೆಲವೇ ತಿಂಗಳಲ್ಲಿ ಕಮಟುತ್ತದೆ. ಊದಿದ ಟಿನ್ ಡಬ್ಬಿಯನ್ನು ಎಷ್ಟೇ ಹಸಿವಿದ್ದರೂ ತೆರೆಯಕೂಡದು. ಹಲ್ಲಿಲ್ಲದ ಅಜ್ಜಿ, ಕೂಸು, ಸಕ್ಕರೆ ಕಾಯಿಲೆಯವರು ಇರುವ ಮನೆಯ ಡಬ್ಬಿ ಅವರನ್ನು ನೆನೆದೇ ತುಂಬಬೇಕು. ಪಕ್ಕದ ಮನೆಯವರಿಗೆ ಕೊಡಲು ಒಂದೆರಡು ಪೊಟ್ಟಣ ಹೆಚ್ಚಿಗೆ ಇಡದ ಸಂಗ್ರಹ ಅರ್ಧ ಸಂಗ್ರಹ. ಇದನ್ನು ಚೀಟಿಯಲ್ಲಿ ಯಾವ ಕಂಪನಿಯೂ ಬರೆಯುವುದಿಲ್ಲ. ತಾರೀಕು ಮುಗಿಯುವ ಮೊದಲೇ ತೆಗೆದು ಉಂಡು, ಹೊಸದನ್ನು ಇಡುತ್ತಾ ಹೋದರೆ ಡಬ್ಬಿ ಭಯದ ಗುಡ್ಡೆಯಾಗದೆ ಮನೆಯ ಅಡುಗೆಯ ಭಾಗವಾಗಿ ಉಳಿಯುತ್ತದೆ.

ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ಇದನ್ನೆಲ್ಲ ಬಹಳ ಹಿಂದೆಯೇ ಬಲ್ಲರು. ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಸುಟ್ಟು, ಕಟಕಟ ಮುರಿಯುವವರೆಗೆ ಒಣಗಿಸಿದ ಖಟಕ ರೊಟ್ಟಿ, ಜತೆಗೆ ಶೇಂಗಾ ಹಿಂಡಿ, ಬಿಳಿ ಬಟ್ಟೆಯ ಗಂಟು. ಹಾದಿಯುದ್ದಕ್ಕೂ ದಾಸೋಹದ ಶಾಮಿಯಾನಗಳಿವೆ ಎಂದು ಗೊತ್ತಿದ್ದೂ ಗಂಟು ಕಟ್ಟುತ್ತಾರೆ. ಗಂಟಿದ್ದೂ ದಾಸೋಹದ ಪಂಕ್ತಿಯಲ್ಲಿ ಕೂರುತ್ತಾರೆ. ನಲ್ಲಮಲ ಕಾಡು ಹೊಕ್ಕು ಭೀಮನಕೊಳ್ಳ ಹತ್ತುವಾಗ ಜತೆಯವನೊಬ್ಬ ಬಳಲಿ ಕಲ್ಲಿನ ಮೇಲೆ ಕೂತರೆ, ಗಂಟು ಬಿಚ್ಚಿ ರೊಟ್ಟಿಯನ್ನು ಎರಡಾಗಿ ಮುರಿದು ಹಿಂಡಿ ಸವರಿ ಕೊಡುತ್ತಾರೆ, ಅವನು ಯಾವ ಊರಿನವನೆಂದು ಆಮೇಲೆ ಕೇಳುತ್ತಾರೆ.